ಬೊಚ್ಚುಬಾಯಿಯ ಭೂತಗಳು

ನಮ್ಮ ಟ್ಯೂಷನ್ ಮಿಸ್ಸಿನ ಮೇಲಿನ ಹಲ್ಲುಗಳೆಲ್ಲ ಕಟ್ಟಿಸಿದವು. ಹಾಲಿನವನು ಬಾಗಿಲು ತಟ್ಟಿದರೂ ಹಲ್ಲು ಹಾಕಿಕೊಂಡು, ಕನ್ನಡಿ ನೋಡಿಕೊಂಡೇ ಚಿಲಕ ತೆಗೆಯುತ್ತಿದ್ದರು. ಅಂಥವರು ಶನಿವಾರ ಮಧ್ಯಾಹ್ನ ನಮ್ಮೆದುರು ಊಟದ ಮೇಜಿಗೆ ಕೂತು, ಆ ಸೆಟ್ಟನ್ನು ಕಳಚಿ ನೀರು ತುಂಬಿದ ಸ್ಟೀಲ್ ಲೋಟದಲ್ಲಿ ಮುಳುಗಿಸಿಟ್ಟು, ಕೆನ್ನೆ ಒಳಕ್ಕೆ ಹೋದ ಮುಖ ಎತ್ತಿ ನೋಡಿದರೆಂದರೆ ಭೂತ ಬಂತೆಂದೇ ಅರ್ಥ.

ತೊಂಬತ್ತರ ದಶಕದ ಕೊನೆ. ಮಿಸ್ಸಿನ ಮನೆ ಬೆಂಗಳೂರಿನ ಕಾಕ್ಸ್ ಟೌನಿನಲ್ಲಿ. ವಿದೇಶದಲ್ಲಿದ್ದ ಅವರ ಅಣ್ಣನ ಮಗಳು ಒಂದು ಆಟದ ಪೆಟ್ಟಿಗೆ ಕಳಿಸಿದ್ದಳು. ಆಡುವವರು ಕತ್ತಿವೀರನೋ ಮಂತ್ರವಾದಿಯೋ ಆಗಿ ಮಿಸ್ಸು ಹೇಳುವ ಕಥೆಯೊಳಗೆ ನಡೆಯಬೇಕು. ದಾರಿಯಲ್ಲಿ ಎದುರಾಗುವ ಭೂತಗಳು, ವಿಚಿತ್ರ ಜೀವಿಗಳೆಲ್ಲ ಮಿಸ್ಸೇ; ಅವುಗಳೊಡನೆ ಏನಾಗುತ್ತದೆ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಇಂಗ್ಲಿಷಿಗೆ ಹೆದರುವ ಮಕ್ಕಳ ಬಾಯಿ ಬಿಡಿಸಲು ಮಿಸ್ಸು ಕಂಡುಕೊಂಡ ಉಪಾಯ ಇದು.

ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿದ್ದ ಜೀವಿಗಳು ಅವರಿಗೆ ಹಿಡಿಸಲಿಲ್ಲ. ಎಷ್ಟು ಪೆಟ್ಟು ಕೊಟ್ಟರೆ ಸಾಯುತ್ತದೆ ಅಂತ ಬರೆದಿದ್ದಾರೆ, ಅದಕ್ಕೆ ಏನು ಭಯ ಅಂತ ಬರೆದೇ ಇಲ್ಲ ಎಂದು ಗೊಣಗುತ್ತಿದ್ದರು. ಆಮೇಲೆ ಒಂದೊಂದನ್ನೂ ತಾವೇ ಹೊಸದಾಗಿ ಮಾಡಿದರು. ಗ್ರೀಸಿನ ಗೂಳಿತಲೆಯ ಮನುಷ್ಯ ಶಿವಾಜಿನಗರದ ಮಾರ್ಕೆಟ್ಟಿನ ಓಣಿಗಳಲ್ಲಿ ದಾರಿ ತಪ್ಪಿ, ಮಾಂಸದ ಅಂಗಡಿಗಳ ಮುಂದೆ ಕಣ್ಣು ಮುಚ್ಚಿಕೊಂಡು ಓಡುತ್ತಿದ್ದ. ಒಗಟು ಕೇಳುವ ಸಿಂಹದ ಮೈಯ ಹೆಂಗಸು ರೈಲ್ವೆ ಗೇಟಿನಲ್ಲಿ ಕೂತು, ತನ್ನನ್ನೂ ಯಾರಾದರೂ ಏನಾದರೂ ಕೇಳಲಿ ಎಂದು ಕಾಯುತ್ತಿದ್ದಳು. ಮಿಸ್ಸಿನ ಕಾನೂನು ಒಂದೇ.

“ಮೊದ್ಲು ಮಾತಾಡ್ಸಿ. ಆಮೇಲೂ ಕೊಲ್ಬೇಕು ಅನ್ಸಿದ್ರೆ ಕೊಲ್ಲಿ.”

ಮಾತಾಡಿಸುವುದೇ ನನ್ನ ಕಷ್ಟ. ನಾನು ಕೆ.ಆರ್. ಪುರದ ಆಚೆಯ ಹಳ್ಳಿಯವನು. ಏಳನೆಯ ತರಗತಿವರೆಗೆ ಕನ್ನಡ ಶಾಲೆ. ಆಮೇಲೆ ಅಪ್ಪ ಹಟ ಹಿಡಿದು ಇಂಗ್ಲಿಷ್ ಶಾಲೆಗೆ ಹಾಕಿದ್ದ. ಪ್ಯಾಸೆಂಜರ್ ರೈಲಿನಲ್ಲಿ ಬಂದು ಈಸ್ಟ್ ಸ್ಟೇಷನ್ನಿನಲ್ಲಿ ಇಳಿಯುವಷ್ಟರಲ್ಲೇ ನನ್ನ ನಾಲಿಗೆ ಒಣಗುತ್ತಿತ್ತು. ಮೇಜಿನ ಸುತ್ತ ಇದ್ದ ಉಳಿದ ಮೂವರು ತಪ್ಪೋ ಒಪ್ಪೋ ಇಂಗ್ಲಿಷ್ ಮಾತಾಡುತ್ತಿದ್ದರು. ನಾನು ಬಿಲ್ಲುಗಾರನ ವೇಷ ಆರಿಸಿಕೊಂಡಿದ್ದೆ. ಬಾಣ ಬಿಡಲು ಮಾತು ಬೇಡ, ದಾಳ ಉರುಳಿಸಿದರೆ ಸಾಕು. ಮಿಸ್ಸಿಗೆ ಇದು ಗೊತ್ತಾಗದೆ ಇರುತ್ತದೆಯೇ?

ಒಂದು ಶನಿವಾರ ಕಥೆ ಹಲಸೂರು ಕೆರೆಗೆ ಬಂತು. ನೀರಿನಿಂದ ಎದ್ದದ್ದು ಜಪಾನಿನ ಕಥೆಗಳ ಒಂದು ಜಲಜೀವಿ. ಅದರ ನೆತ್ತಿಯ ಮೇಲೆ ಬಟ್ಟಲಿನಂಥ ಕುಳಿ, ಕುಳಿಯಲ್ಲಿ ನೀರು. ಆ ನೀರು ಚೆಲ್ಲಿದರೆ ಪ್ರಾಣ ಹೋಯಿತು. ಆದರೂ ಮರ್ಯಾದಸ್ಥ ಜೀವಿ, ಯಾರಾದರೂ ಬಗ್ಗಿ ನಮಸ್ಕರಿಸಿದರೆ ತಾನೂ ಬಗ್ಗದೆ ಇರಲಾರದು. ಮಿಸ್ಸಿನ ಕಥೆಯಲ್ಲಿ ಅದನ್ನು ಮರಿಯಿಂದ ಸಾಕಿದವರು ಕೆರೆಯಂಚಿನ ತರಕಾರಿ ತೋಟದವರು. ಹಾಗಾಗಿ ಅದಕ್ಕೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು.

ಮಿಸ್ಸು ಹಲ್ಲು ತೆಗೆದು ಲೋಟಕ್ಕೆ ಹಾಕಿದರು. ಮನೆಮಾತು ತಮಿಳಾದ ಅವರು ಆ ಕಡೆಗೇ ವಾಲುವ ತಮ್ಮ ಕನ್ನಡದಲ್ಲಿ, ನನ್ನೊಬ್ಬನನ್ನೇ ನೋಡುತ್ತಾ ಕೇಳಿದರು.

“ಯಾರಪ್ಪಾ ನೀನು? ನನ್ ಕೆರೇಲಿ ನಿಂಗೇನ್ ಕೆಲ್ಸ?”

ಮೂವರೂ ನನ್ನತ್ತ ತಿರುಗಿದರು. ನಮ್ಮೂರ ಕೆರೆಯಲ್ಲೇ ಈಜು ಕಲಿತವನು ನಾನು. ಆ ಪ್ರಶ್ನೆಗೆ ಉತ್ತರ ಹೇಳುವುದು ನೀರು ಕುಡಿದಷ್ಟು ಸುಲಭವಿತ್ತು. ಅಷ್ಟರಲ್ಲಿ ಪಕ್ಕದ ಹುಡುಗ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಇದನ್ನು ಇವನಿಗೋಸ್ಕರವೇ ಮಾಡಿದ್ದೀರಲ್ಲವಾ ಮಿಸ್ ಎಂದುಬಿಟ್ಟ. ಮಿಸ್ಸಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅವರು ಲೋಟದ ಕಡೆ ನೋಡಿದರು. ನನ್ನ ಕಿವಿ ಸುಟ್ಟುಹೋಯಿತು.

“ಐ ಡೋಂಟ್ ನೋ ಕನ್ನಡ, ಮಿಸ್.”

ಆ ಮೇಜಿನಲ್ಲಿ ನಾನು ಆಡಿದ ಮೊದಲ ಪೂರ್ತಿ ಇಂಗ್ಲಿಷ್ ವಾಕ್ಯ ಅದು. ಆಡಿ, ಬಾಣ ಬಿಟ್ಟೆ. ದಾಳವೂ ನನ್ನ ಕಡೆಗೇ ಬಿತ್ತು.

ಮಿಸ್ಸು ಬಾಣ ತಾಗಿದ ಜೀವಿಯಂತೆ ಮೇಜಿನ ಮೇಲೆ ನಿಧಾನವಾಗಿ ತಲೆ ಬಗ್ಗಿಸಿ, “ಚೆಲ್ಲೋಯ್ತು,” ಎಂದರು. ಅವರ ಬೈತಲೆಯ ಬಿಳಿ ಕೂದಲು ನನಗೆ ಅಷ್ಟು ಹತ್ತಿರದಿಂದ ಕಂಡದ್ದು ಅವತ್ತೇ.

ಎಲ್ಲರೂ ಹೊರಟ ಮೇಲೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿಕೊಂಡರು. ಹಲ್ಲು ಹಾಕಿಕೊಂಡಿದ್ದರು. ವಾಕ್ಯ ಸರಿಯಾಗಿತ್ತು, ಒಂದು ತಪ್ಪೂ ಇರಲಿಲ್ಲ ಎಂದು ಮೇಷ್ಟರಿಕೆಯ ದನಿಯಲ್ಲೇ ಹೇಳಿ, ಆಮೇಲೆ ದನಿ ತಗ್ಗಿಸಿದರು.

“ಎಲ್ರ ಮುಂದೆ ನಿನ್ನ ಹಾಗೆ ನಿಲ್ಲಿಸ್ಬಾರ್ದಿತ್ತು ಕಣೋ. ತಪ್ಪು ನಂದು.”

ನಾನು ದೊಡ್ಡ ಮನುಷ್ಯನಂತೆ, ಕ್ಷಮಿಸಿದವನಂತೆ ತಲೆಯಾಡಿಸಿದೆ. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ಕನ್ನಡ ಬರುವುದಿಲ್ಲ ಎಂದದ್ದಕ್ಕಿಂತ ಆ ತಲೆಯಾಟವೇ ನನ್ನನ್ನು ಹೆಚ್ಚು ಚುಚ್ಚುತ್ತದೆ.

ಮುಂದೆ ಹತ್ತನೆಯ ತರಗತಿವರೆಗೂ ಅವರಲ್ಲೇ ಕಲಿತೆ. ಇಂಗ್ಲಿಷ್ ಬಂತು. ಚೆನ್ನಾಗಿಯೇ ಬಂತು, ಇವತ್ತು ನಾನು ಉಣ್ಣುತ್ತಿರುವುದು ಅದರಿಂದಲೇ. ಆ ಕೆರೆಯ ಜೀವಿ ಮಾತ್ರ ಮತ್ತೆ ನಮ್ಮ ಆಟಕ್ಕೆ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಮಿಸ್ಸು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದೆ. ಅವರನ್ನು ನೋಡಿಕೊಳ್ಳಲು ಅಣ್ಣನ ಮಗಳು ವಿದೇಶದಿಂದ ಬಂದಿದ್ದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಅದೇ ಸ್ಟೀಲ್ ಲೋಟ, ಅದರಲ್ಲಿ ಹಲ್ಲು. ಹೊರಗಿನವರು ಬಂದರೆಂದು ಅವಳು ಅತ್ತೆಯ ಬಾಯಿಗೆ ಕರವಸ್ತ್ರ ಹಿಡಿಯಲು ಹೋದಳು. ಮಿಸ್ಸು ಅವಳ ಕೈ ಸರಿಸಿದರು. ಕೆನ್ನೆ ಒಳಕ್ಕೆ ಹೋದ ಮುಖ ಎತ್ತಿ ನನ್ನನ್ನು ನೋಡಿದರು.

“ಯಾರಪ್ಪಾ ನೀನು? ನನ್ ಕೆರೇಲಿ ನಿಂಗೇನ್ ಕೆಲ್ಸ?”

ಅವಳಿಗೆ ಕನ್ನಡ ತಿಳಿಯದು. ಅತ್ತೆ ಏನೆನ್ನುತ್ತಿದ್ದಾರೆ, ನಿಮ್ಮ ಗುರುತು ಸಿಗಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಅವಳತ್ತ ತಿರುಗಿ, ಅವಳೇ ಕಳಿಸಿದ ಪೆಟ್ಟಿಗೆ, ಆಟ, ಹಲಸೂರು ಕೆರೆಯ ಜೀವಿ, ನನ್ನ ಬಾಣ, ಎಲ್ಲವನ್ನೂ ಒಂದು ತಪ್ಪೂ ಇಲ್ಲದ ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳು ನಕ್ಕಳು. ಅವಳ ಕಣ್ಣಲ್ಲಿ ನೀರೂ ಬಂತು. ಚೆನ್ನಾಗಿ ಹೇಳಿದೆನೆಂದು ನನಗೂ ಒಳಗೊಳಗೇ ಹೆಮ್ಮೆಯಾಯಿತು.

ತಿರುಗಿ ನೋಡಿದರೆ ಮಿಸ್ಸಿಗೆ ನಿದ್ದೆ ಹತ್ತಿತ್ತು. ಅದೇ ವಾರ ತೀರಿಕೊಂಡರು. ಕೇಳಿದ್ದಕ್ಕೆ ನಾನು ಉತ್ತರ ಕೊಡಲೇ ಇಲ್ಲ.