ಎರ್ಸಿಲಿಯಾಳ ಉದ್ದನೆಯ ದೀಪ

ಇಟಲಿಯ ಕಾಂತೂ ಸೀಮೆಯ ನಮ್ಮ ಊರಲ್ಲಿ ಗಂಡಸರು ಮೇಜು ಕುರ್ಚಿ ಮಾಡುತ್ತಾರೆ, ಹೆಂಗಸರು ನೂಲಿನ ಲೇಸು ಹೆಣೆಯುತ್ತಾರೆ. ಎರ್ಸಿಲಿಯಾ ಎರಡನ್ನೂ ಬಿಟ್ಟು ಮಿಲಾನಿಗೆ ಹೋಗಿ ಆರ್ಕಿಟೆಕ್ಟ್ ಆದಳು. ಮನೆ ಕಟ್ಟಿಸುವವರು ಹೆಣ್ಣೆಂದು ಕೆಲಸ ಕೊಡಲಿಲ್ಲ. ಕಡೆಗೆ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯಲು ಸೇರಿದಳು. ಅವಳು ಬರೆದ ಕುರ್ಚಿ, ಕಪಾಟು, ದೀಪಗಳು ಎಷ್ಟೋ ಮನೆ ಸೇರಿದವು. ಎಲ್ಲದರ ಮೇಲೂ ಯಜಮಾನರದೇ ಹೆಸರು.

ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ನಮ್ಮೂರ ಹೆಂಗಸರು ಒಟ್ಟಿಗೆ ಕೂತು ಹೆಣೆಯುವ ಲೇಸುಮನೆಗೆ ಹೊಸ ದೀಪ ಬೇಕಾಯಿತು. ಎರ್ಸಿಲಿಯಾ ಒಂದು ದೀಪ ಬರೆದಳು. ಯಜಮಾನರು ಅಂದರು: "ಆ ಹೆಂಗಸರು ಒಪ್ಪಿದ್ರೆ ನಿನ್ನ ಹೆಸರಲ್ಲೇ ಮಾರೋಣ. ಒಪ್ಪದಿದ್ರೆ ಹೆಸರಿನ ಮಾತು ಮತ್ತೆ ಎತ್ತಬೇಡ."

ಲೇಸುಮನೆಯ ನಡುವೆ ಒಂದೇ ಬಲ್ಬು, ಅದರ ಸುತ್ತ ಮೂರು ಸಾಲು. ಮುಂದಿನ ಸಾಲಿಗೆ ಮದುವೆಯ ಮುಸುಕಿನ ನಯವಾದ ಕೆಲಸ, ಹಿಂದಿನವರಿಗೆ ಒರಟು ಅಂಚು. ಎರ್ಸಿಲಿಯಾಳ ತಾಯಿ ಪಿಯೆರೀನಾ ಬೇರೆ ಊರಿಂದ ಸೊಸೆಯಾಗಿ ಬಂದವಳು, ಕೂತದ್ದು ಹಿಂದೆಯೇ. ಮಂಕು ಬೆಳಕಲ್ಲಿ ಒರಟು ಕೆಲಸ ಮಾಡಿದವಳಿಗೆ ಮುಂದಿನ ಸಾಲು ಯಾರು ಕೊಡುತ್ತಾರೆ?

ಹೊಸ ದೀಪ ಕೋಣೆಯ ಆ ಗೋಡೆಯಿಂದ ಈ ಗೋಡೆಯವರೆಗೆ ಚಾಚಿತ್ತು. ಬಲ್ಬುಗಳ ಬೆಳಕು ಮೇಲಿನ ಬಿಳಿ ತಗಡಿಗೆ ತಾಗಿ, ದೀಪದ ಉದ್ದಕ್ಕೂ ಒಂದೇ ಸಮ ಇಳಿಯುತ್ತಿತ್ತು. ಹೆಂಗಸರು ಬಂದರು. ಈಗ ಇಲ್ಲದ ಹಳೆ ಬಲ್ಬಿನ ಸುತ್ತ ಹಿಂದಿನಂತೆಯೇ ಮೂರು ಸಾಲಾಗಿ ಕೂತರು. ಹಿಂದಿನವರು ಲೇಸು ಹೆಣೆಯುವ ದಿಂಬಿನ ಮೇಲೆ ಮುಂದಿನವರ ನೆರಳು ಬಿತ್ತು.

ಮೊದಲ ಸಾಲಿನ ಹಿರಿಯಳು ಸವೀನಾ ಅಂದಳು: "ಏನೇ ಆರ್ಕಿಟೆಕ್ಟಮ್ಮ, ಇಷ್ಟುದ್ದ ತಗಡು ತಂದಿದ್ದೀಯ. ಇದ್ರಲ್ಲಿ ಪೊಲೆಂಟಾ ಗಂಜಿ ಬೇಯ್ಸೋಣ್ವಾ?"

"ಕುರ್ಚಿ ದೀಪದ ಉದ್ದಕ್ಕೆ ಹಾಕ್ಕೊಳ್ಳಿ ಚಿಕ್ಕಮ್ಮ," ಅಂದಳು ಎರ್ಸಿಲಿಯಾ.

"ಆಗ ಮೊದಲನೇ ಸಾಲು ಯಾವ್ದು?"

"ಎಲ್ಲಾರ್ದೂ."

"ಅಂದ್ರೆ ಯಾರ್ದೂ ಅಲ್ಲ ಅನ್ನು."

ಎಲ್ಲರೂ ನಕ್ಕರು, ಒಬ್ಬಳೂ ಏಳಲಿಲ್ಲ. ನೋಡಲು ಬಂದಿದ್ದ ಯಜಮಾನರು ಹೊರಡಲು ಟೋಪಿ ಕೈಗೆತ್ತಿಕೊಂಡರು.

ಎರ್ಸಿಲಿಯಾ ತಾಯಿಯ ಕುರ್ಚಿ ಎತ್ತಿ ದೀಪದ ತುದಿಗೆ ಒಯ್ದಳು. "ಚಿಕ್ಕಮ್ಮ, ನಿಮ್ಮ ಮುಸುಕಿನ ಎಲೆ ಚಿತ್ತಾರ ನಮ್ಮಮ್ಮನಿಗೂ ಒಂದು ಹೆಣೆಯೋಕೆ ಕೊಡಿ."

"ಪಿಯೆರೀನಾಗಾ? ಆ ಮೂಲೇಲಾ?" ಸವೀನಾ ನಗುತ್ತಲೇ ಎಲೆಯ ಮಾದರಿ ಕೊಟ್ಟಳು.

ಪಿಯೆರೀನಾ ಮಗಳ ಮುಖ ನೋಡಲಿಲ್ಲ. ನೂಲು ಸುತ್ತಿದ ಕಡ್ಡಿಗಳು ಟಕಟಕ ಅನ್ನತೊಡಗಿದವು. ಎಲೆಯ ಹೆಣಿಗೆ ತುದಿ ಮುಟ್ಟುವವರೆಗೂ ಯಜಮಾನರು ನಿಂತೇ ಇದ್ದರು.

ಸವೀನಾ ಕನ್ನಡಕ ಏರಿಸಿಕೊಂಡು ಬಂದಳು. ಎಲೆಯ ನರನರವನ್ನೂ ಉಗುರಿನಿಂದ ಸವರಿ ನೋಡಿದಳು. ತಿರುಗಿಸಿ ಮತ್ತೆ ಸವರಿದಳು. ಒಂದು ಎಳೆಯೂ ತಪ್ಪಿರಲಿಲ್ಲ.

"ಇಷ್ಟು ದಿನ ಈ ಕೈ ಎಲ್ಲಿಟ್ಟಿದ್ಯೇ?"

"ನಿನ್ನ ಬೆನ್ನ ಹಿಂದೇನೇ ಇತ್ತು," ಅಂದಳು ಪಿಯೆರೀನಾ.

ಸವೀನಾ ಹೋಗಿ ತನ್ನ ಕುರ್ಚಿಯನ್ನು ಕಿರ್ರೆಂದು ಎಳೆದು ತಂದು ಪಿಯೆರೀನಾಳ ಪಕ್ಕಕ್ಕೆ ಹಾಕಿಕೊಂಡಳು. ಒಂದೊಂದಾಗಿ ಉಳಿದ ಕುರ್ಚಿಗಳೂ ಸರಿದವು.

ಯಜಮಾನರು ಟೋಪಿ ಇಟ್ಟು ಕೇಳಿದರು, "ಹೆಸರು ಎಲ್ಲಿ ಒತ್ತಿಸೋಣ?"

"ತಗಡಿನ ಅಂಚಿಗೆ," ಅಂದಳು ಎರ್ಸಿಲಿಯಾ. "ಪೂರ್ತಿ ಹೆಸರು."

"ದೊಡ್ಡಕ್ಷರದಲ್ಲಿ ಒತ್ಸಪ್ಪ," ಸವೀನಾ ದಿಂಬಿನಿಂದ ತಲೆ ಎತ್ತದೆ ಅಂದಳು. "ನಮ್ಮೂರ ಹುಡುಗಿ ಅವ್ಳು."