ಬಾಣಂತಿಯನ್ನು ನೋಡಲು ಬಂದವರು

ಮಗಳು ಹುಟ್ಟಿದಾಗ ನಾವು ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿದ್ದೆವು. ಅಮ್ಮನ ವೀಸಾ ತಡವಾಗಿ, ಬಾಣಂತನಕ್ಕೆ ಯಾರೂ ಇರಲಿಲ್ಲ.

ಆಸ್ಪತ್ರೆಯಿಂದ ಬಂದ ಮರುದಿನ ಎದುರು ಫ್ಲ್ಯಾಟಿನ ಚೀನೀ ಅಜ್ಜಿ ಬೆಲ್ ಕೂಡ ಮಾಡದೆ ಒಳಗೆ ಬಂದರು. ಮೊಮ್ಮಗನನ್ನು ನೋಡಿಕೊಳ್ಳಲು ಊರಿಂದ ಬಂದಿದ್ದ ಅವರಿಗೆ ತಮ್ಮ ಭಾಷೆ ಬಿಟ್ಟು ಬೇರೆ ಬಾರದು. ಮೊಬೈಲಿಗೆ ಏನೋ ಹೇಳಿದರು. ಅದು ಇಂಗ್ಲಿಷಿನಲ್ಲಿ ಕೇಳಿತು: "ಹಾಲು ಸಾಕಾಗುತ್ತದೆಯೇ? ಯಾಕಿಷ್ಟು ಸೊರಗಿದ್ದೀಯ? ನಿನ್ನ ಅಮ್ಮ ಎಲ್ಲಿ?"

ನನ್ನ ಕೈಯಲ್ಲಿದ್ದ ತಣ್ಣೀರನ್ನು ಸಿಂಕಿಗೆ ಚೆಲ್ಲಿ, ಶುಂಠಿ ಹಾಕಿ ಬೇಯಿಸಿದ ಕೋಳಿಸಾರು ಕುಡಿಸಿದರು.

"ಇವರು ನಮ್ಮ ಊರಿನವರೇ ಮಾರಾಯ್ತಿ, ಭಾಷೆ ಮಾತ್ರ ಬೇರೆ," ಎಂದು ಗಂಡ ನಕ್ಕರು.

ಆದರೆ ಗಂಡ ನನ್ನ ಸ್ನಾನಕ್ಕೆ ಬಿಸಿನೀರು ತುಂಬಿಸಿದಾಗ ಅಜ್ಜಿ ಬಚ್ಚಲ ಬಾಗಿಲಿಗೆ ಅಡ್ಡ ನಿಂತರು. "ಮೂವತ್ತು ದಿನ ತಲೆಗೆ ನೀರಿಲ್ಲ. ಗಾಳಿ ಹೊಗುತ್ತದೆ," ಎಂದಿತು ಮೊಬೈಲು. ನಮ್ಮಲ್ಲಿ ದಿನಾ ತಲೆಗೇ ಹೊಯ್ಯುವುದು ಎಂದು ನಾನೂ ಮೊಬೈಲಿಗೇ ಹೇಳಿದೆ. ಅಜ್ಜಿ ಎರಡು ಸಲ ಕೇಳಿಸಿಕೊಂಡು, ನಂಬಿಕೆಯಾಗದೆ, ಕೊನೆಗೆ ಪಕ್ಕಕ್ಕೆ ಸರಿದರು. ಮಿಂದು ಬಂದ ಮೇಲೆ ಡ್ರೈಯರ್ ಹಿಡಿದು ಬುಡದವರೆಗೆ ಕೂದಲು ಒಣಗಿಸಿದವರೂ ಅವರೇ.

ಇತ್ತ ಆಫೀಸಿನಲ್ಲಿ ಮೂರು ವರ್ಷ ನನ್ನ ಎದುರಿನ ಮೇಜಿನಲ್ಲಿ ಕೂತಿದ್ದ ಜಪಾನೀ ಮಹಿಳೆ ಒಂದು ಸಾಲಿನ ಶುಭಾಶಯ ಕಳಿಸಿ ಸುಮ್ಮನಾದರು. ಬರಲಿಲ್ಲ, ಫೋನೂ ಮಾಡಲಿಲ್ಲ. ಅಕ್ಕಪಕ್ಕದ ದೇಶದವರು, ಇಷ್ಟು ಬೇರೆಯೇ? ನನಗೆ ಬೇಸರಕ್ಕಿಂತ ಆಶ್ಚರ್ಯವೇ ಹೆಚ್ಚಾಯಿತು.

ನಲವತ್ತೈದು ದಿನದ ರಜೆ ಮುಗಿಯುವಷ್ಟರಲ್ಲಿ ಅಮ್ಮ ಬಂದಳು. ಮಗುವನ್ನು ಅವಳಿಗೆ ಬಿಟ್ಟು ಅಲ್ ಕೂಜ್‌ನ ಆಫೀಸಿಗೆ ಹೋದವಳು ಊಟದ ಹೊತ್ತಿಗೆ ಆ ಜಪಾನೀ ಮಹಿಳೆಯನ್ನು ಕೇಳಿಯೇಬಿಟ್ಟೆ: "ಮಗುವನ್ನು ನೋಡಲು ನೀವು ಬರಲೇ ಇಲ್ಲ?"

ಅವರ ಮುಖ ಕೆಂಪಾಯಿತು. "ನೀವು ಕರೆಯಲಿಲ್ಲವಲ್ಲ! ಬಾಣಂತಿಗೆ ವಿಶ್ರಾಂತಿ ಬೇಕು. ಅವಳು ಕರೆಯುವ ತನಕ ನಾವು ಹೋಗುವುದಿಲ್ಲ. ದಿನಾ ಕಾಯುತ್ತಿದ್ದೆ."

"ನಮ್ಮಲ್ಲಿ ಕರೆಯದೇ ಬರಬೇಕು," ಎಂದೆ. ಇಬ್ಬರಿಗೂ ನಗು ಬಂತು.

ಆ ಶುಕ್ರವಾರ ನಾಲ್ಕಕ್ಕೆ ಬನ್ನಿ ಎಂದೆ. ಸರಿಯಾಗಿ ನಾಲ್ಕಕ್ಕೆ, ಪುಟ್ಟ ಟವೆಲ್ಲುಗಳ ಡಬ್ಬಿ ಹಿಡಿದು ಬಂದರು. ಕೈ ತೊಳೆದು, "ಎತ್ತಿಕೊಳ್ಳಬಹುದೇ?" ಎಂದು ಅಮ್ಮನನ್ನೂ ಕೇಳಿದರು. ಅಷ್ಟರಲ್ಲಿ ಅಜ್ಜಿ ಸಾರಿನ ಪಾತ್ರೆಯೊಂದಿಗೆ ಹಾಜರ್. ಅಪರಿಚಿತರನ್ನು ಕಂಡದ್ದೇ ಮೊಬೈಲು ಮುಂದೆ ಹಿಡಿದರು: "ನಿನಗೆ ವಯಸ್ಸೆಷ್ಟು? ಮಕ್ಕಳೆಷ್ಟು?"

ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಆದರೆ ಜಪಾನೀ ಮಹಿಳೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ನಿಧಾನವಾಗಿ ಉತ್ತರಿಸಿದರು. "ಒಬ್ಬನೇ ಮಗ, ಜಪಾನಿನಲ್ಲಿ ತನ್ನ ಅಜ್ಜಿಯ ಹತ್ತಿರ ಇದ್ದು ಓದುತ್ತಿದ್ದಾನೆ. ಅವನನ್ನು ಹೆರಲು ತವರಿಗೆ ಹೋಗಿದ್ದೆ. ನಮ್ಮಲ್ಲಿ ಅದೇ ವಾಡಿಕೆ."

"ನಮ್ಮ ಹಾಗೇ ಅಲ್ವಾ!" ಎಂದಳು ಅಮ್ಮ.

ಅವರು ಪರ್ಸಿನಿಂದ ಮಗನ ಫೋಟೋ ತೆಗೆದು ಅಜ್ಜಿಯ ಕೈಗಿತ್ತರು. ಅವರಿಗೊಬ್ಬ ಮಗನಿದ್ದಾನೆಂದು ನನಗೆ ಗೊತ್ತಾದದ್ದೇ ಆಗ. ಮೂರು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ.