ಪರದೆಯ ಮೇಲಿನ ಚೌಕಗಳು

ಕಣ್ಣಿನ ಡಾಕ್ಟರ್ ಹೇಳಿದ್ದು ಇಷ್ಟೇ: "ಅಕ್ಷರ ಒಡೆದ ಹಾಗೆ, ಕೆಲವು ಇದ್ದು ಕೆಲವು ಇಲ್ಲದ ಹಾಗೆ ಕಂಡರೆ ತಡ ಮಾಡ್ಬೇಡಿ ಮೇಡಂ, ಅವತ್ತೇ ಬಂದ್ಬಿಡಿ." ಅಷ್ಟು ಹೊತ್ತಿಗಾಗಲೇ ಪೇಪರು, ಕ್ಯಾಲೆಂಡರು ಎಲ್ಲ ನನ್ನ ಪಾಲಿಗೆ ಮಂಜಾಗಿದ್ದವು.

ತಂಗಿಯ ಮಗಳು ತಿ. ನರಸೀಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ನಂಜನಗೂಡಿನ ನಮ್ಮ ಮನೆಯ ಹಳೇ ಲ್ಯಾಪ್‌ಟಾಪಿನಿಂದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟವಳು ಅವಳೇ. "ಚಿತ್ರಗಿತ್ರ ಯಾವ್ದೂ ಬೇಡ ದೊಡ್ಡಮ್ಮ, ಮಿನಿಮಲ್ ಸಾಕು. ಕಪ್ಪು ಸ್ಕ್ರೀನು, ದಪ್ಪ ದಪ್ಪ ಬಿಳೀ ಅಕ್ಷರ." ನಾನು ಓದಬಲ್ಲದ್ದು ಅದೊಂದೇ. ದಿನಾ ಬೆಳಿಗ್ಗೆ ಅದನ್ನು ಆನ್ ಮಾಡಿ, ವಾರ, ತಾರೀಕು ಓದಿ, ಥ್ಯಾಂಕ್ ಗಾಡ್ ಅಂದುಕೊಂಡ ಮೇಲೇ ನನಗೆ ಕಾಫಿ.

ಅಣ್ಣ ಹೋದ ಮೇಲೆ ಅತ್ತಿಗೆಯೂ ನಾನೂ ಒಟ್ಟಿಗಿದ್ದೇವೆ. ಅವರು ಬನ್ನೂರು ಕಡೆಯವರು. ಕನ್ನಡ ಓದುತ್ತಾರೆ, ಇಂಗ್ಲಿಷ್ ಬರದು. ನನ್ನ ಕಣ್ಣು ಪೂರ್ತಿ ಹೋದರೆ ಆ ಸ್ಕ್ರೀನನ್ನು ಓದಿ ಹೇಳಬೇಕಾದವರು ಅವರೇ ತಾನೆ? ಅದಕ್ಕೇ ಒಂದು ಮಧ್ಯಾಹ್ನ, ಊಟವಾದ ಮೇಲೆ, ಮೆಷಿನ್ನಿನ ಲ್ಯಾಂಗ್ವೇಜನ್ನೇ ಕನ್ನಡ ಮಾಡಿಬಿಡೋಣ ಅಂತ ಕೂತೆ. ಕನ್ನಡ ಮಾತಾಡಿದರೆ ಕಾನ್ವೆಂಟಿನಲ್ಲಿ ಮಂಡಿಯೂರಿಸುತ್ತಿದ್ದ ಸಿಸ್ಟರ್ ಯಾಕೋ ನೆನಪಾದರು.

ಹುಡುಗಿ ಹಿಂದೊಮ್ಮೆ ತೋರಿಸಿಕೊಟ್ಟಿದ್ದ ಹಾಗೇ ಕಮಾಂಡ್ ಹೊಡೆದೆ. ಉದ್ದದ ಪಟ್ಟಿಯಲ್ಲಿ ಕೆಳಗಿಳಿದು, ಕನ್ನಡಕ್ಕೆ ಗುರುತು ಹಾಕಿ, ಓಕೆ ಕೊಟ್ಟು, ರೀಸ್ಟಾರ್ಟ್ ಮಾಡಿದೆ. ಹೆಸರು, ಪಾಸ್‌ವರ್ಡ್ ಎಲ್ಲ ಸರಿಯಾಗೇ ಹೋಯಿತು. ಆಮೇಲೆ ದಿನಾ ಕೇಳುವ ಹಾಗೇ ಮೆಷಿನ್ನನ್ನು ತಾರೀಕು ಕೇಳಿದೆ.

ಉತ್ತರದಲ್ಲಿ ಅಂಕಿಗಳಿದ್ದವು. ಅಕ್ಷರಗಳಿರಲಿಲ್ಲ. ಅಕ್ಷರವಿರಬೇಕಾದ ಕಡೆಯೆಲ್ಲ ಚೌಕ, ಬರೀ ಚೌಕ.

ಕೆಲವು ಇದ್ದು ಕೆಲವು ಇಲ್ಲದ ಹಾಗೆ.

ಕನ್ನಡಕ ಒರೆಸಿದೆ. ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ಮುಚ್ಚಿ ನೋಡಿದೆ. ಚೌಕವೇ. ತಂಗಿ ಮಗಳಿಗೆ ಫೋನ್ ಮಾಡಿದರೆ ಎತ್ತಲಿಲ್ಲ, ಕ್ಲಾಸಿನಲ್ಲಿದ್ದಳೋ ಏನೋ.

"ಅತ್ತಿಗೆ, ಸ್ವಲ್ಪ ಬನ್ನಿ. ಇಲ್ಲೇನು ಕಾಣ್ತಿದೆ ಹೇಳಿ."

ಸ್ಕ್ರೀನಿಗಿಂತ ಹೆಚ್ಚು ಹೊತ್ತು ನನ್ನ ಮುಖವನ್ನೇ ನೋಡಿದರು. "ನಿಂಗೇನ್ ಕಾಣ್ತದೆ?"

"ನನ್ನ ಬಿಡಿ. ನಿಮಗೆ?"

"ನಿಂಗೇನ್ ಕಾಣ್ತದೋ ಅದೇಯ ಕಣವ್ವ."

ಅತ್ತಿಗೆಯೇ ಹಾಗೆ. ಸಾರಿಗೆ ಉಪ್ಪು ಹೆಚ್ಚಾಯಿತಾ ಅಂದರೂ ಹೌದು, ಕಮ್ಮಿಯಾಯಿತಾ ಅಂದರೂ ಹೌದು. ಅಣ್ಣ ಆಸ್ಪತ್ರೆಯಲ್ಲಿ ಮಲಗಿದ್ದಾಗ "ಮೊಕ ಎಷ್ಟ್ ಗೆಲುವಾಗದೆ" ಅಂತ ದಿನಾ ಅವನಿಗೆ ಹೇಳಿದವರು. ನಾನೂ ನಂಬಿದ್ದೆ. ಇವತ್ತು ಅವರ ಬಾಯಿಮಾತು ನನಗೆ ಸಾಲದು. ಪೆನ್ನಿನಲ್ಲಿ ಬರೆಸೋಣವೆಂದರೆ ಆ ಗೆರೆ ನನಗೆ ಕಾಣದು.

"ರಂಗೋಲಿ ಬಟ್ಟಲು ತನ್ನಿ. ಕಂಡಿದ್ದನ್ನ ಕಂಡ ಹಾಗೇ ನೆಲದ ಮೇಲೆ ಬಿಡಿಸಿ."

"ಹುಚ್ಚೇನವ್ವ ನಿಂಗೆ? ಮಟಮಟ ಮಧ್ಯಾನ ರಂಗೋಲಿ!"

"ಪ್ಲೀಸ್ ಅತ್ತಿಗೆ."

ನನ್ನ ದನಿ ಕೇಳಿ ಬಟ್ಟಲು ತಂದರು. ನಾನು ಗೋಡೆಯ ಕಡೆ ತಿರುಗಿ ಕೂತೆ. ಏನು ಬಿಡಿಸುತ್ತಾರೋ! ಅದೆಲ್ಲಾದರೂ ಕನ್ನಡ ಅಕ್ಷರವಾಗಿದ್ದರೆ ನನ್ನ ಕಥೆ ಮುಗಿಯಿತು. ಅವರು ಏಳುವುದು, ಬಗ್ಗುವುದು, ಬಳೆ ಸದ್ದು, ಅಷ್ಟೇ ಕೇಳುತ್ತಿತ್ತು.

"ಊಂ, ನೋಡು."

ಕೆಂಪು ನೆಲದ ಮೇಲೆ ಸಾಲಾಗಿ ಬಿಳೀ ಚೌಕಗಳು. ಆದರೆ ಅವನ್ನೂ ಇದೇ ಕಣ್ಣು ತಾನೆ ನೋಡುತ್ತಿರುವುದು? ಕಣ್ಣು ಮುಚ್ಚಿ, ನೆಲಕ್ಕೆ ಕೂತು, ಬೆರಳಿಟ್ಟು ಸವರಿದೆ. ಗೆರೆ, ಮೂಲೆ. ಗೆರೆ, ಮೂಲೆ. ಚೌಕವೇ.

ಅಲ್ಲೇ ಅತ್ತುಬಿಟ್ಟೆ.

ಸಂಜೆ ಹುಡುಗಿಯೇ ಫೋನ್ ಮಾಡಿದಳು. "ಅಯ್ಯೋ ದೊಡ್ಡಮ್ಮ, ಆ ಬರೀ ಕಪ್ಪು ಸ್ಕ್ರೀನಿಗೆ ಕನ್ನಡ ಅಕ್ಷರ ತೋರ್ಸೋಕೇ ಬರಲ್ಲ. ಅಕ್ಷರ ಇಲ್ದಿದ್ರೆ ಚೌಕ ಹಾಕತ್ತೆ. ವಾಪಸ್ ಇಂಗ್ಲಿಷ್ ಮಾಡ್ಬಿಡಿ." ಮಾಡಿದೆ. ಮಂಡೇ ಅನ್ನುವುದು ಮಂಡೇ ಅಂತಲೇ ಕಂಡಿತು.

"ನಾನ್ ಓದ್ಲಿ ಅಂತ ಇಷ್ಟೆಲ್ಲ ಮಾಡುದ್ಯಾ? ಅತ್ಲಾಗೆ ಎಬಿಸಿಡಿನೇ ಕಲ್ಸುಬುಡು ನಂಗೆ," ಅಂತ ಅತ್ತಿಗೆ ನಕ್ಕರು. ನೆಲ ಒರೆಸಿ, ರಂಗೋಲಿ ಬಟ್ಟಲನ್ನು ಬಾಗಿಲ ಹತ್ತಿರದ ಗೂಡಿಗೆ ಇಡಲು ಹೊರಟರು.

"ಅದು ಇಲ್ಲೇ ಇರಲಿ, ಕಂಪ್ಯೂಟರ್ ಪಕ್ಕದಲ್ಲಿ," ಅಂದೆ.

ಅವರು ಬಟ್ಟಲನ್ನು ಅಲ್ಲೇ ಇಟ್ಟು, ನನ್ನ ಕೈ ಹಿಡಿದು ಅದನ್ನು ಮುಟ್ಟಿಸಿದರು.